‘ನಾನಲ್ಲ’ ಎನ್ನದ ಲಕ್ಕಮ್ಮ

ಲಕ್ಕಮ್ಮನ ಹೆಸರನ್ನು ಕ್ಲಾಸಿನ ಬೋರ್ಡಿನ ಮೇಲೆ ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಹೇಳುವುದೆಲ್ಲ ಅವಳ ಮೇಲಿನ ಮೆಚ್ಚುಗೆಯ ಮಾತು. ಮೆಚ್ಚುತ್ತಿರುವವಳು ಎಂಥವಳು ಅನ್ನುವುದು ಓದುವವರಿಗೆ ಗೊತ್ತಿರಲಿ.

1976ರ ಜೂನ್ ತಿಂಗಳು. ಗಾಂಧಿ ಬಜಾರಿನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದ ಹೆಣ್ಣುಮಕ್ಕಳ ಕಾಲೇಜಿಗೆ ನಾವು ಬಿ.ಎ. ಮೊದಲ ವರ್ಷಕ್ಕೆ ಸೇರಿದ್ದೆವು. ಹಾಜರಿ ಕೂಗುವಾಗ ‘ಲಕ್ಕಮ್ಮ’ ಎಂದ ಕೂಡಲೇ ಕೊನೆಯ ಬೆಂಚಿನಿಂದ ಎದ್ದು ನಿಂತ ಹುಡುಗಿಯನ್ನು ನೋಡಲು ಇಡೀ ಕ್ಲಾಸು ಹಿಂದೆ ತಿರುಗಿತು. ನಮ್ಮೆಲ್ಲರಿಗಿಂತ ಒಂದು ಗೇಣು ಎತ್ತರ. ಕಿವಿಯವರೆಗೆ ಮಾತ್ರ ಕೂದಲು. ಎಡಗೈಯಲ್ಲಿ ಗಂಡಸರ ವಾಚು. ಅವಳು ‘ಪ್ರೆಸೆಂಟ್ ಮೇಡಂ’ ಅಂದದ್ದು ಪಕ್ಕದ ಕ್ಲಾಸಿಗೂ ಕೇಳಿಸಿರಬೇಕು.

ಇದಕ್ಕೆಲ್ಲ ಕಾರಣಗಳಿದ್ದವು. ಕೇಳುವ ತಾಳ್ಮೆ ನಮಗಿರಲಿಲ್ಲ. ಪಿಯುಸಿ ಪರೀಕ್ಷೆಯಾದ ಮೇಲೆ ಅವಳಿಗೆ ಟೈಫಾಯ್ಡ್ ಬಂದು ಅರ್ಧ ಕೂದಲು ಉದುರಿತ್ತು. ಉಳಿದದ್ದನ್ನು ಅವರಮ್ಮ ಕತ್ತರಿಸಿ ಹಾಕಿದ್ದರು. ತಲೆ ಹಗುರವಾಗಿದ್ದು ಹಿತವೆನಿಸಿ ಅವಳು ಮತ್ತೆ ಜಡೆ ಬೆಳೆಸುವ ಗೋಜಿಗೆ ಹೋಗಲಿಲ್ಲ. ಅವಳ ತಂದೆ ಮುನಿಗಂಗಪ್ಪನವರಿಗೆ ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ. ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ. ಬೆಳಗಿನ ಜಾವ ಹೊಸಕೋಟೆ, ಮಾಲೂರು ಕಡೆಯಿಂದ ಬರುವ ಮೂಟೆಗಳನ್ನು ಇಳಿಸಿಕೊಂಡು, ಅಪ್ಪನ ಜೊತೆ ನಿಂತು ಹರಾಜು ಕೂಗಿ, ಒಂಬತ್ತೂವರೆಗೆ ಕೈಕಾಲು ತೊಳೆದು ಸೈಕಲ್ ಹತ್ತಿ ಕಾಲೇಜಿಗೆ ಬರುತ್ತಿದ್ದಳು. ಹರಾಜು ಕೂಗಿ ಪಳಗಿದ ಗಂಟಲು ಕ್ಲಾಸಿಗೆ ಬಂದ ಮಾತ್ರಕ್ಕೆ ತಗ್ಗುವುದಿಲ್ಲ. ಕೊತ್ತಂಬರಿ ಸೊಪ್ಪಿನ ವಾಸನೆ ಅವಳ ಲಂಗದಾವಣಿಯಲ್ಲೇ ನೆಲೆಸಿತ್ತು.

ನನ್ನ ಹೆಸರು ಸಿದ್ದಮ್ಮ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಅಟೆಂಡರ್, ಚಾಮರಾಜಪೇಟೆಯ ವಠಾರವೊಂದರಲ್ಲಿ ಮನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಲಕ್ಕಮ್ಮನೂ ಅವರ ಮನೆಗೆ ಮೊದಲನೆಯವಳೇ. ಆ ಲೆಕ್ಕದಲ್ಲಿ ನಾವಿಬ್ಬರೂ ಜೊತೆಗಿರಬೇಕಿತ್ತು. ಆದರೆ ನನಗೆ ಬೇಕಾದದ್ದು ಮುಂದಿನ ಬೆಂಚು. ಅಲ್ಲಿ ನೈಲಾನ್ ಸೀರೆ ಉಟ್ಟು, ಇಂಗ್ಲಿಷ್ ಬೆರೆಸಿ ಮಾತಾಡುವ ಹುಡುಗಿಯರು ಕೂರುತ್ತಿದ್ದರು. ನನ್ನ ಕೈಬರಹ ಚೆನ್ನಾಗಿತ್ತು ಎಂಬ ಒಂದೇ ಕಾರಣಕ್ಕೆ ಅವರು ನನ್ನನ್ನು ಸೇರಿಸಿಕೊಂಡಿದ್ದರು. ದಿನಾ ಬೆಳಿಗ್ಗೆ ಬೋರ್ಡಿನ ಮೂಲೆಯಲ್ಲಿ ಒಂದು ಸುಭಾಷಿತ ಬರೆಯುವ ಕೆಲಸವೂ ನನ್ನದೇ ಆಗಿತ್ತು.

ಲಕ್ಕಮ್ಮನಿಗೆ ಸಿಕ್ಕ ಸ್ನೇಹಿತೆ ಸರ್ವಮಂಗಳಾ. ಸೊಂಟದ ಕೆಳಗಿಳಿಯುವ ಜಡೆ, ಯಾವಾಗಲೂ ಮಲ್ಲಿಗೆ, ಮೆತ್ತನೆಯ ದನಿ. ತಂದೆ ರೇವಣಸಿದ್ದಯ್ಯನವರು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್, ಮನೆ ನಮ್ಮ ಚಾಮರಾಜಪೇಟೆಯಲ್ಲೇ. ಲಕ್ಕಮ್ಮನಿಗೆ ಇಂಗ್ಲಿಷ್ ಅಂದರೆ ಕಬ್ಬಿಣದ ಕಡಲೆ. ಸರ್ವಮಂಗಳಾ ಮಧ್ಯಾಹ್ನದ ಬಿಡುವಿನಲ್ಲಿ ಹಿಂದಿನ ಜಗಲಿಯ ಮೇಲೆ ಕೂರಿಸಿಕೊಂಡು ಅವಳಿಗೆ ಪಾಠ ಹೇಳುತ್ತಿದ್ದಳು. ಸಂಜೆ ಲಕ್ಕಮ್ಮ ಅವಳನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಮನೆಯ ತಿರುವಿನವರೆಗೆ ಬಿಟ್ಟುಹೋಗುತ್ತಿದ್ದಳು. ಇಷ್ಟೇ ನಡೆದದ್ದು.

ಮಾತು ಹೇಗೆ ಹುಟ್ಟಿತೋ ಸರಿಯಾಗಿ ನೆನಪಿಲ್ಲ. ಒಂದು ಸಂಜೆ ಗಾಂಧಿ ಬಜಾರಿನಲ್ಲಿ ನಾವೈದಾರು ಜನ ಚುರುಮುರಿ ತಿನ್ನುತ್ತಾ ನಿಂತಿದ್ದಾಗ ಅವರಿಬ್ಬರೂ ಸೈಕಲ್ ಮೇಲೆ ಹಾದುಹೋದರು. ಸರ್ವಮಂಗಳಾಳ ಕೈ ಲಕ್ಕಮ್ಮನ ಸೊಂಟದ ಮೇಲಿತ್ತು. ಕ್ಯಾರಿಯರ್ ಮೇಲೆ ಕೂತವರು ಇನ್ನೆಲ್ಲಿ ಹಿಡಿದುಕೊಳ್ಳಬೇಕು?

“ಎರಡು ಜಡೆ ಸೇರಲ್ಲ ಅಂತಾರೆ. ಇಲ್ಲಿರೋದು ಒಂದೇ ಜಡೆ, ಅದಕ್ಕೇ ಸೇರ್ಕೊಂಡಿದೆ,” ಅಂದಳು ನಮ್ಮಲ್ಲೊಬ್ಬಳು. ಎಲ್ಲರೂ ಬಿದ್ದುಬಿದ್ದು ನಕ್ಕೆವು.

ಅಲ್ಲಿಂದ ಶುರುವಾಯಿತು. ಲಕ್ಕಮ್ಮ ‘ಲಕ್ಕಣ್ಣ’ ಆದಳು. ಅವಳು ಥ್ರೋಬಾಲ್ ಎಸೆಯುವ ರೀತಿ, ಕಾಲಗಲಿಸಿ ಕೂರುವ ರೀತಿ, ಮಳೆ ಬಂದಾಗ ಲಂಗ ಎತ್ತಿ ಕಟ್ಟುವ ರೀತಿ ಎಲ್ಲವೂ ಸಾಕ್ಷಿಯಾಯಿತು. ‘ಅವಳು ಆ ಥರ ಕಣೇ’ ಎನ್ನುತ್ತಿದ್ದೆವು. ‘ಆ ಥರ’ ಅಂದರೆ ಯಾವ ಥರ ಎಂದು ಬಾಯಿಬಿಟ್ಟು ಹೇಳುವ ಶಬ್ದ ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ. ಹಾಗಾಗಿ ಆ ಎರಡು ಶಬ್ದದೊಳಗೆ ಯಾರಿಗೆ ಏನು ಬೇಕೋ ಅದನ್ನು ತುಂಬಬಹುದಿತ್ತು. ಸರ್ವಮಂಗಳಾಳನ್ನು ಮಾತ್ರ ಯಾರೂ ಹಾಗೆ ಅನ್ನಲಿಲ್ಲ. ಅಷ್ಟುದ್ದ ಜಡೆ, ಅಷ್ಟು ನಾಚಿಕೆ ಇರುವವಳು ಹೇಗೆ ಆ ಥರ ಆಗುತ್ತಾಳೆ? ಪಾಪ, ಲಕ್ಕಣ್ಣನ ಬಲೆಗೆ ಬಿದ್ದಿದ್ದಾಳೆ ಎಂದು ಮರುಗಿದೆವು.

ಎರಡನೇ ವರ್ಷದ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ನಾನು ಸುಭಾಷಿತ ಬರೆಯಲು ಸೀಮೆಸುಣ್ಣ ಹಿಡಿದಾಗ ಮುಂದಿನ ಬೆಂಚಿನವರು, “ಇವತ್ತು ಬೇರೆ ಏನಾದ್ರೂ ಬರಿಯೇ,” ಎಂದರು. ಏನು ಎಂದು ಅವರು ಹೇಳಬೇಕಾಗಿರಲಿಲ್ಲ. ನಾನು ದೊಡ್ಡ ಅಕ್ಷರದಲ್ಲಿ, ಮದುವೆ ಕಾಗದದಲ್ಲಿ ಇರುವ ಹಾಗೆ, ‘ಚಿ. ಲಕ್ಕಣ್ಣ – ಚಿ. ಸೌ. ಸರ್ವಮಂಗಳ’ ಎಂದು ಬರೆದೆ. ಸುತ್ತ ಬಳ್ಳಿಯ ಚಿತ್ರವನ್ನೂ ಬಿಡಿಸಿದೆ. ಅಷ್ಟು ಮುತುವರ್ಜಿಯಿಂದ ನಾನು ಯಾವ ಸುಭಾಷಿತವನ್ನೂ ಬರೆದಿರಲಿಲ್ಲ.

ಲಕ್ಕಮ್ಮ ಬಂದಳು. ಅವಳ ಹಿಂದೆ ಬಂದ ಸರ್ವಮಂಗಳಾ ಬೋರ್ಡು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು, ಮುಖದಲ್ಲಿ ರಕ್ತವಿರಲಿಲ್ಲ. ಲಕ್ಕಮ್ಮ ಪುಸ್ತಕ ಬೆಂಚಿನ ಮೇಲಿಟ್ಟು ನೇರವಾಗಿ ಬೋರ್ಡಿನ ಹತ್ತಿರ ಹೋದಳು. ಒರೆಸುತ್ತಾಳೆ ಅಥವಾ ಅಳುತ್ತಾಳೆ ಎಂದುಕೊಂಡೆವು. ಅವಳು ಸೀಮೆಸುಣ್ಣ ತೆಗೆದುಕೊಂಡು ‘ಸರ್ವಮಂಗಳ’ದ ಕೊನೆಗೆ ಒಂದು ದೀರ್ಘ ಎಳೆದಳು.

“ಅವಳ ಹೆಸರು ಸರ್ವಮಂಗಳಾ. ದೀರ್ಘ ಬೇಕು. ಬರೆಯೋರು ಸರಿಯಾಗಿ ಬರೀಬೇಕು,” ಎಂದು ಹೇಳಿ ನನ್ನ ಕಡೆ ಒಂದು ಸಲ ನೋಡಿದಳು. ಅಕ್ಷರ ಯಾರದೆಂದು ಆ ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆಮೇಲೆ ಹೋಗಿ ತನ್ನ ಜಾಗದಲ್ಲಿ ಕೂತಳು. ಲೆಕ್ಚರರು ಬರುವ ಮೊದಲು ಅದನ್ನು ಒರೆಸಬೇಕಾದವಳು ನಾನೇ ಆದೆ.

ಅದು ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಹತ್ತು ದಿನ ಕಳೆದ ಮೇಲೆ ಯಾರೋ ರೇವಣಸಿದ್ದಯ್ಯನವರಿಗೆ ಮೂಗರ್ಜಿ ಬರೆದರು. ಅದು ನಾನಲ್ಲ, ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅವರು ಆ ಇನ್‌ಲ್ಯಾಂಡ್ ಕಾಗದವನ್ನು ಕೈಯಲ್ಲಿ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಬಂದು ಕೂತರು. ಲಕ್ಕಮ್ಮನನ್ನೂ ಸರ್ವಮಂಗಳಾಳನ್ನೂ ಕರೆಸಿದರು. ನಾನು ಕ್ಲಾಸಿನ ಲೀಡರ್ ಆಗಿದ್ದರಿಂದ ನನಗೂ ಕರೆ ಬಂತು.

ಪ್ರಿನ್ಸಿಪಾಲರು ಕೆಟ್ಟವರಲ್ಲ, ಕಾಲೇಜಿನ ಹೆಸರಿಗೆ ಹೆದರುವವರು. ಮೊದಲು ನನ್ನನ್ನು ಕೇಳಿದರು.

“ನೀನೇನಮ್ಮ ನೋಡಿದೀಯ?”

“ನಾನೇನೂ ನೋಡಿಲ್ಲ ಮೇಡಂ. ಎಲ್ರೂ ಹಾಗಂತಾರೆ,” ಎಂದೆ.

ಇಷ್ಟು ವರ್ಷದಲ್ಲಿ ನಾನು ಆಡಿದ ಮಾತುಗಳಲ್ಲಿ ಅದಕ್ಕಿಂತ ಹೇಡಿತನದ್ದು ಇನ್ನೊಂದಿಲ್ಲ.

ರೇವಣಸಿದ್ದಯ್ಯನವರು, “ನನ್ನ ಮಗಳಿಗೆ ಇದೆಲ್ಲ ಏನೂ ತಿಳಿಯೋದಿಲ್ಲ. ಸಂತೆ ಜನದ ಸಹವಾಸ ಮಾಡಿ ಹೀಗಾಯ್ತು. ಇವಳಲ್ಲೂ ಅಂಥದ್ದೇನಾದ್ರೂ ಇದೆ ಅಂತ ಗೊತ್ತಾದ್ರೆ ಇವತ್ತೇ ಕಾಲೇಜು ಬಿಡಿಸ್ತೀನಿ. ಬರೋ ಮಾಘದಲ್ಲಿ ಮದುವೆ ಮಾಡಿ ಕಳಿಸ್ತೀನಿ,” ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಾಗಿತ್ತು.

ಪ್ರಿನ್ಸಿಪಾಲರು ಲಕ್ಕಮ್ಮನ ಕಡೆ ತಿರುಗಿದರು. “ನೋಡು, ಅಂಥದ್ದೇನೂ ಇಲ್ಲ ಮೇಡಂ ಅಂತ ನೀನೊಂದು ಮಾತು ಹೇಳು. ಮುಗಿಸೋಣ.”

“ಅಂಥದ್ದು ಅಂದ್ರೆ ಯಾವುದು ಮೇಡಂ?”

ಪ್ರಿನ್ಸಿಪಾಲರು ಕನ್ನಡಕ ತೆಗೆದರು. “ಅದೇ... ನಿನ್ನ ಬಗ್ಗೆ ಏನು ಹೇಳ್ತಿದಾರೋ ಅದು.”

“ಅದಕ್ಕೊಂದು ಹೆಸರು ಹೇಳಿ. ಆಮೇಲೆ ಹೌದೋ ಅಲ್ವೋ ಹೇಳ್ತೀನಿ.”

ಯಾರೂ ಹೆಸರು ಹೇಳಲಿಲ್ಲ. ಆಗ ಗೋಡೆಯ ಪಕ್ಕ ನಿಂತಿದ್ದ ಸರ್ವಮಂಗಳಾ ತಲೆಯೆತ್ತಿ, “ಅಪ್ಪಾಜಿ, ಲಕ್ಕಿದೇನೂ ಇಲ್ಲ, ನಾನೇ...” ಎಂದು ಬಾಯಿ ತೆರೆದಳು. ಲಕ್ಕಮ್ಮ ಅವಳ ಮಾತಿನ ಮೇಲೆ ತನ್ನ ಮಾತು ಹಾಕಿದಳು. ಹರಾಜಿನ ಗಂಟಲು, ಅದರ ಮುಂದೆ ಸರ್ವಮಂಗಳಾಳ ದನಿ ಎಲ್ಲಿ ಕೇಳಬೇಕು?

“ಸೈಕಲ್ ಮೇಲೆ ಕೂರಿಸ್ಕೊಂಡ್ ಹೋಗಿದ್ದು ನಾನು ಸಾರ್. ಜಗಲಿಗೆ ಕರ್ಕೊಂಡ್ ಹೋಗ್ತಿದ್ದಿದ್ದೂ ನಾನೇ. ಅವಳು ಬರಲ್ಲ ಅಂದ್ರೂ ಬಿಡ್ತಿರ್ಲಿಲ್ಲ. ಏನ್ ಶಿಕ್ಷೆ ಕೊಡೋದಿದ್ರೂ ನಂಗೆ ಕೊಡಿ. ಅವಳ ಓದು ನಿಲ್ಲಿಸ್ಬೇಡಿ.”

ಶಿಕ್ಷೆ ಸಿಕ್ಕಿತು. ಥ್ರೋಬಾಲ್ ತಂಡದಿಂದ ಅವಳ ಹೆಸರು ಹೊಡೆದುಹಾಕಿದರು. ಆ ವರ್ಷ ಅವಳೇ ಕ್ಯಾಪ್ಟನ್ ಆಗಬೇಕಿತ್ತು. ಸರ್ವಮಂಗಳಾಳನ್ನು ಬೇರೆ ಸೆಕ್ಷನ್ನಿಗೆ ಹಾಕಿದರು. ಕಾಲೇಜಿನ ಆವರಣದಲ್ಲಿ ಇಬ್ಬರೂ ಮಾತಾಡಕೂಡದು ಎಂದರು. ಸರ್ವಮಂಗಳಾಳ ಓದು ಮಾತ್ರ ಉಳಿಯಿತು.

ಮಾರನೆಯ ದಿನ ಮುನಿಗಂಗಪ್ಪನವರನ್ನು ಕರೆಸಿದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಕಾಲೇಜಿನ ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟು ಬಂದಿದ್ದರು. ‘ನಿಮ್ಮ ಮಗಳ ನಡವಳಿಕೆ ಸರಿಯಿಲ್ಲ’ ಎಂದು ಪ್ರಿನ್ಸಿಪಾಲರು ಹೇಳಿದಾಗ ಆತ ಕೇಳಿದ್ದನ್ನು ಕಾಲೇಜಿನ ಜವಾನ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ.

“ಪಾಠ ಓದ್ತಾಳಾ ಅಮ್ಮಾ?”

“ಓದ್ತಾಳೆ.”

“ಯಾರದಾದ್ರೂ ಕದ್ದವ್ಳಾ?”

“ಇಲ್ಲ.”

“ಯಾರಿಗಾದ್ರೂ ಹೊಡೆದವ್ಳಾ, ಬೈದವ್ಳಾ?”

“ಅದೂ ಇಲ್ಲ.”

“ಮತ್ತೆ ಇನ್ಯಾವ್ ನಡವಳಿಕೆ ತಾಯಿ ಇರೋದು? ನಂಗೆ ಇಷ್ಟೇ ಗೊತ್ತಿರೋದು.” ಕೈಮುಗಿದು ಎದ್ದು ಹೋದರಂತೆ.

ಆದರೆ ಮಂಡಿಗೆ ಹೋಗುವ ದಾರಿಯಲ್ಲಿ ಅವರು ಮಗಳನ್ನು ಕೇಳಿಯೇ ಕೇಳಿದರು. ಇದನ್ನು ಲಕ್ಕಮ್ಮ ಬಹಳ ವರ್ಷದ ಮೇಲೆ ನನಗೆ ಹೇಳಿದಳು. ಅವಳು ಅಪ್ಪನಿಗೆ ಸುಳ್ಳು ಹೇಳಲಿಲ್ಲ. “ಜನ ಹೇಳ್ತಿರೋದು ನನ್ನಲ್ಲಿಲ್ಲ ಅಪ್ಪಾ. ಆದ್ರೆ ಅದನ್ನ ನಾನು ಹೊರಗೆ ಹೇಳಂಗಿಲ್ಲ. ನೀನೂ ಹೇಳ್ಬೇಡ,” ಎಂದಳು. ಅಪ್ಪ ಸೈಕಲ್ ತಳ್ಳಿಕೊಂಡು ಸ್ವಲ್ಪ ದೂರ ನಡೆದು, “ಭಾರ ಹೊರೋಳು ನೀನು. ತಡೀತೀಯ ಅಂದ್ರೆ ಹೊರು,” ಅಂದರಂತೆ.

ಭಾರ ಕಡಿಮೆಯದಾಗಿರಲಿಲ್ಲ. ಹೊಸಕೋಟೆಯಲ್ಲಿದ್ದ ಸೋದರತ್ತೆಯ ಮಗನಿಗೆ ಲಕ್ಕಮ್ಮ ಎಂದು ಚಿಕ್ಕಂದಿನಿಂದ ಮಾತಾಗಿತ್ತು. ಅವನೆಂದರೆ ಅವಳಿಗೂ ಇಷ್ಟವಿತ್ತು. ಕಾಲೇಜಿನ ಸುದ್ದಿ ಯಾವುದೋ ಮೂಟೆಯ ಜೊತೆ ಹೊಸಕೋಟೆಗೂ ಹೋಯಿತು. ಅತ್ತೆ ಬಂದು, “ಅವಳ ಬಾಯಲ್ಲೇ ಹೇಳಿಸಣ್ಣಾ, ಅದೆಲ್ಲಾ ಸುಳ್ಳು, ಆ ಹುಡುಗೀದೇ ತಪ್ಪು ಅಂತ. ನಮ್ಮೂರಲ್ಲಿ ತಲೆ ಎತ್ಕೊಂಡು ಓಡಾಡ್ಬೇಕು ನಾವು,” ಎಂದಳು. ತಾಯಿ ಅತ್ತು ಬೇಡಿಕೊಂಡರು. ಲಕ್ಕಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದಳೇ ಹೊರತು ಬಾಯಿ ಬಿಡಲಿಲ್ಲ. ಅತ್ತೆ ಎದ್ದು ಹೋದಳು. ಆ ಹುಡುಗನಿಗೆ ಮುಂದಿನ ವೈಶಾಖದಲ್ಲಿ ಬೇರೆ ಕಡೆ ಮದುವೆಯಾಯಿತು.

ಈ ಸಂಬಂಧ ಮುರಿದ ಸುದ್ದಿ ನನ್ನ ಕಿವಿಗೆ ಬಿದ್ದ ಮೇಲೆ ನನಗೆ ಮುಂದಿನ ಬೆಂಚಿನಲ್ಲಿ ಕೂರಲು ಆಗಲಿಲ್ಲ. ಒಂದು ಭಾನುವಾರ ಅಮ್ಮನ ಜೊತೆ ತರಕಾರಿಗೆ ಕಲಾಸಿಪಾಳ್ಯಕ್ಕೆ ಹೋದಾಗ, ಅಮ್ಮನನ್ನು ಬೇರೆ ಅಂಗಡಿಯ ಮುಂದೆ ಬಿಟ್ಟು ಮುನಿಗಂಗಪ್ಪನವರ ಮಂಡಿ ಹುಡುಕಿಕೊಂಡು ಹೋದೆ. ಲಕ್ಕಮ್ಮ ಬೀನ್ಸ್ ತೂಗುತ್ತಿದ್ದಳು. ನನ್ನನ್ನು ನೋಡಿದರೂ ತಕ್ಕಡಿಯಿಂದ ಕೈ ತೆಗೆಯಲಿಲ್ಲ.

“ಲಕ್ಕಮ್ಮಾ, ಬೋರ್ಡ್ ಮೇಲೆ ಬರೆದಿದ್ದು ನಾನು,” ಎಂದೆ.

“ಗೊತ್ತು.”

“ತಪ್ಪಾಯ್ತು.”

“ಹೂಂ, ತಪ್ಪೇ,” ಎಂದಳು. ಬೀನ್ಸನ್ನು ಗಿರಾಕಿಯ ಚೀಲಕ್ಕೆ ಸುರಿದು, ಕೈ ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ತಪ್ಪಾಯ್ತು ಅಂತ ಹೇಳಿ ಹೋಗ್ಬಿಟ್ರೆ ನಿಂಗೆ ಸಮಾಧಾನ ಆಗುತ್ತೆ. ನಂಗೇನಾಗುತ್ತೆ? ಒಂದ್ ಕೆಲ್ಸ ಮಾಡು. ಸರ್ವಮಂಗಳಾ ಮನೆ ನಿಮ್ಮನೆ ಹತ್ರಾನೇ ಅಲ್ವಾ? ಅವಳ ಇಂಗ್ಲಿಷ್ ನೋಟ್ಸ್ ಇಸ್ಕೊಂಡು, ನೀನು ನೀಟಾಗಿ ಕಾಪಿ ಮಾಡಿ ನಂಗೆ ತಂದ್ಕೊಡು. ನಾನು ಪಾಸಾಗ್ಬೇಕು.”

ಹೀಗೆ ಒಂದೂವರೆ ವರ್ಷ ನಾನು ಅವಳಿಗೆ ನೋಟ್ಸ್ ಬರೆದುಕೊಟ್ಟೆ. ಸರ್ವಮಂಗಳಾ ತನ್ನ ನೋಟ್ಸಿನಲ್ಲಿ ಲಕ್ಕಮ್ಮನಿಗೆ ಎಲ್ಲಿ ಕಷ್ಟವಾಗುತ್ತದೆಂದು ಊಹಿಸಿ ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಬರೆದಿರುತ್ತಿದ್ದಳು. ನಾನು ಅದನ್ನೂ ಬಿಡದೆ ಇಳಿಸುತ್ತಿದ್ದೆ. ಮುಂದಿನ ಬೆಂಚಿನವರು ನನ್ನನ್ನೂ ಆ ಗುಂಪಿಗೆ ಸೇರಿಸಿ ನಕ್ಕರು. ಮೊದಮೊದಲು ಚುಚ್ಚುತ್ತಿತ್ತು. ಲಕ್ಕಮ್ಮ ಒಂಟಿಯಾಗಿ, ಅಷ್ಟು ಜನರ ನಡುವೆ, ದಿನಾ ಅದೇ ಹೊತ್ತಿಗೆ ಬಂದು ಅದೇ ಗಂಟಲಲ್ಲಿ ‘ಪ್ರೆಸೆಂಟ್ ಮೇಡಂ’ ಅನ್ನುವುದನ್ನು ನೋಡಿ ನೋಡಿ ನನಗೂ ಬೆನ್ನು ನೆಟ್ಟಗಾಯಿತು. ಅವಳು ಒಂದು ದಿನವೂ ಕಾಲೇಜು ತಪ್ಪಿಸಲಿಲ್ಲ. 1979ರಲ್ಲಿ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು. ಇಂಗ್ಲಿಷಿನಲ್ಲಿ ಐವತ್ತೆರಡು. ಮುನಿಗಂಗಪ್ಪನವರು ಮಂಡಿಗೆ ಬಂದವರಿಗೆಲ್ಲ ಮೈಸೂರ್‌ಪಾಕ್ ಹಂಚಿದರು.

ಆಮೇಲೆ ಅವಳು ತರಕಾರಿ ಬೆಳೆಗಾರರ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆಯಾಗಿ ಸೇರಿದಳು. ಮಂಡಿಯನ್ನೂ ಬಿಡಲಿಲ್ಲ. 1981ರಲ್ಲಿ ಮಾಮೂಲ್‌ಪೇಟೆಯ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಮಾಯಣ್ಣ ಅವಳನ್ನು ನೋಡಲು ಬಂದ. ಉಪ್ಪಿಟ್ಟು ಕೊಡುವಾಗಲೇ ಲಕ್ಕಮ್ಮ, “ಕಾಲೇಜಲ್ಲಿ ನನ್ನ ಬಗ್ಗೆ ಒಂದ್ ಮಾತಿತ್ತು. ನಿಮ್ಮ ಕಿವಿಗೂ ಬೀಳುತ್ತೆ. ಆಮೇಲೆ ಗೊತ್ತಾಗೋದಕ್ಕಿಂತ ಈಗ್ಲೇ ಕೇಳ್ಕೊಂಬಿಡಿ,” ಎಂದಳು.

“ಬಿದ್ದಾಯ್ತು,” ಎಂದ ಮಾಯಣ್ಣ. “ಕಲಾಸಿಪಾಳ್ಯದೋರ ಮಾತೆಲ್ಲ ನಂಬಿದ್ರೆ ಒಂದ್ ಕೆಜಿ ಟೊಮ್ಯಾಟೊನೂ ಮನೆಗೆ ತರಕ್ಕಾಗಲ್ಲ. ಉಪ್ಪಿಟ್ಟಿಗೆ ಸ್ವಲ್ಪ ಉಪ್ಪು ಕಮ್ಮಿಯಾಗಿದೆ.”

ಅವರಿಬ್ಬರ ಸಂಸಾರ ಚೆನ್ನಾಗಿಯೇ ನಡೆಯಿತು. ಎರಡು ಹೆಣ್ಣುಮಕ್ಕಳಾದವು. ಕೂದಲು ಮಾತ್ರ ಅವಳು ಬೆಳೆಸಲೇ ಇಲ್ಲ.

1985ರ ಒಂದು ಶನಿವಾರ ಸರ್ವಮಂಗಳಾ ನನ್ನನ್ನು ಗಾಂಧಿ ಬಜಾರಿನ ಹೋಟೆಲಿಗೆ ಕಾಫಿಗೆ ಕರೆದಳು. ಅಷ್ಟು ಹೊತ್ತಿಗೆ ನಾನು ಸರ್ಕಾರಿ ಕೆಲಸದಲ್ಲಿದ್ದೆ. ಅವಳು ಮಲ್ಲೇಶ್ವರದ ಒಂದು ಹೈಸ್ಕೂಲಿನಲ್ಲಿ ಟೀಚರು. ಬಂದ ಗಂಡುಗಳನ್ನೆಲ್ಲ ಒಂದಲ್ಲ ಒಂದು ನೆಪ ಹೇಳಿ ತಿರುಗಿಸಿ ಕಳಿಸಿದ್ದಳು. ಕೊನೆಗೆ ರೇವಣಸಿದ್ದಯ್ಯನವರು ಮಗಳ ಜೊತೆ ಮಾತು ಬಿಟ್ಟಿದ್ದರು. ಅವಳು ಕಾಫಿಗೆ ಸಕ್ಕರೆ ಹಾಕಿ ಕಲಸಿದಳು.

“ಸಿದ್ದಮ್ಮ, ಅವತ್ತು ನೀನು ಬೋರ್ಡ್ ಮೇಲೆ ಬರೆದದ್ದರಲ್ಲಿ ಅರ್ಧ ನಿಜ,” ಎಂದಳು. “ಆ ಅರ್ಧ ಲಕ್ಕಿ ಅಲ್ಲ. ನಾನು.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಹುಡುಗರ ಮೇಲೆ ಅವಳಿಗೆ ಯಾವತ್ತೂ ಮನಸ್ಸು ಹೋಗಿದ್ದಿಲ್ಲ. ಮೊದಲ ವರ್ಷದಲ್ಲಿ ನಮ್ಮ ಸೀನಿಯರ್ ಒಬ್ಬಳ ಮೇಲೆ ಮನಸ್ಸಾಗಿ, ಅದು ಏನೆಂದು ತನಗೇ ತಿಳಿಯದೆ ಹೆದರಿ, ಒಂದು ಮಧ್ಯಾಹ್ನ ಜಗಲಿಯ ಮೇಲೆ ಲಕ್ಕಮ್ಮನ ಮುಂದೆ ಅತ್ತುಬಿಟ್ಟಿದ್ದಳು.

“ಲಕ್ಕಿ ಏನಂದ್ಲು?”

“ಸ್ವಲ್ಪ ಹೊತ್ತು ಯೋಚ್ನೆ ಮಾಡಿ, ‘ನನ್ನ ಮೇಲಾ?’ ಅಂದ್ಲು. ಅಲ್ಲ ಅಂದೆ. ‘ಸದ್ಯ, ಹಂಗಾದ್ರೆ ಇಂಗ್ಲಿಷ್ ಪಾಠ ನಿಲ್ಲಲ್ಲ’ ಅಂದ್ಲು.” ಸರ್ವಮಂಗಳಾ ನಕ್ಕಳು, ಕಣ್ಣು ತುಂಬಿತ್ತು. “ಅವತ್ತು ಪ್ರಿನ್ಸಿಪಾಲರ ರೂಮಲ್ಲಿ ನಾನು ಹೇಳಕ್ಕೆ ಹೋದೆ. ನೀನೇ ಇದ್ಯಲ್ಲ. ಹೇಳಿದ್ರೆ ನಾನಿವತ್ತು ಟೀಚರ್ ಆಗಿರ್ತಿರಲಿಲ್ಲ. ಯಾರದೋ ಮನೇಲಿ, ಯಾರದೋ ಹೆಂಡ್ತಿಯಾಗಿ, ಬಾಯಿ ಮುಚ್ಕೊಂಡು ಇರ್ತಿದ್ದೆ. ಲಕ್ಕಿ ನನ್ನ ಮಾತು ಮುಳುಗಿಸಿಬಿಟ್ಲು.”

ಎಂಟು ವರ್ಷ ನಾನು ಲಕ್ಕಮ್ಮನನ್ನು ಗಟ್ಟಿಗಿತ್ತಿ ಎಂದು ಮೆಚ್ಚಿದ್ದೆ. ಅವಳು ಯಾವುದಕ್ಕಾಗಿ ಗಟ್ಟಿಯಾಗಿದ್ದಳು ಎಂಬುದು ಅವತ್ತು ತಿಳಿಯಿತು. ನಾವು ನೋಡಿ ತೀರ್ಮಾನಿಸಿದ ಕೂದಲು, ವಾಚು, ಗಂಟಲು ಯಾವುದೂ ಏನನ್ನೂ ಹೇಳಿರಲಿಲ್ಲ. ಉದ್ದ ಜಡೆ ನೋಡಿ ಸರ್ವಮಂಗಳಾಳ ಬಗ್ಗೆ ನಾವು ತೀರ್ಮಾನಿಸಿದ್ದೂ ಅಷ್ಟೇ ಸುಳ್ಳಾಗಿತ್ತು.

ಸರ್ವಮಂಗಳಾ ನನ್ನನ್ನು ಕರೆದದ್ದಕ್ಕೆ ಬೇರೆ ಕಾರಣವೂ ಇತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಂಜಿನಮ್ಮ ಎಂಬವಳ ಜೊತೆ ಅವಳು ಮನೆ ಮಾಡಬೇಕೆಂದಿದ್ದಳು. ಮೂರು ವರ್ಷದಿಂದ ಅವರಿಬ್ಬರೂ ಒಬ್ಬರಿಗೊಬ್ಬರು ಎಂದಾಗಿತ್ತು. ಮಲ್ಲೇಶ್ವರದಲ್ಲಿ ಒಂದು ಮಹಡಿ ಮನೆ ಖಾಲಿಯಿದೆ, ಮಾಲೀಕರು ದೊಡ್ಡವರು ಯಾರಾದರೂ ಬಂದು ಮಾತಾಡಲಿ ಎಂದಿದ್ದಾರೆ. “ಅಪ್ಪಾಜಿ ಬರಲ್ಲ. ಲಕ್ಕಿ ಬರ್ತೀನಂದಿದಾಳೆ. ನೀನೂ ಬಾ. ಸರ್ಕಾರಿ ನೌಕರಿಯವಳು, ನಿನ್ನ ಮಾತಿಗೆ ತೂಕ ಇರುತ್ತೆ.”

ಮಾಲೀಕರು ಪರಮಶಿವಯ್ಯ ಎಂಬ ನಿವೃತ್ತ ಹೆಡ್‌ಮಾಸ್ಟರು. ವರಾಂಡದಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತು ನಮ್ಮ ನಾಲ್ವರನ್ನೂ ಎದುರಿಗೆ ಕೂರಿಸಿಕೊಂಡರು.

“ಇಬ್ರಿಗೂ ಮದುವೆ ಆಗಿಲ್ವಾ?”

“ಇಲ್ಲ ಸಾರ್,” ಎಂದಳು ಸರ್ವಮಂಗಳಾ. ಅಂಜಿನಮ್ಮ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು.

“ಯಾಕೆ? ವಯಸ್ಸಾಗ್ತಾ ಬಂತಲ್ಲ.”

ಲಕ್ಕಮ್ಮ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡಳು. “ಸಾರ್, ನಾವು ಮನೆ ಕೇಳಕ್ಕೆ ಬಂದಿದೀವಿ, ಹೆಣ್ಣು ಕೇಳಕ್ಕಲ್ಲ. ಇವಳು ಟೀಚರು, ಅವಳು ನರ್ಸು. ಒಬ್ಬಳು ನಿಮ್ಮ ಮೊಮ್ಮಕ್ಕಳಿಗೆ ಪಾಠ ಹೇಳ್ತಾಳೆ, ಇನ್ನೊಬ್ಬಳು ನಿಮ್ಮ ಬಿ.ಪಿ. ನೋಡ್ತಾಳೆ. ಮನೆ ಚೊಕ್ಕಟವಾಗಿ ಇಟ್ಕೋತಾರೆ. ಇದಕ್ಕಿಂತ ಒಳ್ಳೆ ಬಾಡಿಗೆಯೋರು ನಿಮ್ಗೆಲ್ಲಿ ಸಿಗ್ತಾರೆ ಹೇಳಿ.”

ಪರಮಶಿವಯ್ಯನವರು ಅವಳನ್ನೇ ದಿಟ್ಟಿಸಿದರು. “ನೀವು ಇವರಿಗೆ ಏನಾಗ್ಬೇಕಮ್ಮ?”

“ಅಕ್ಕ.”

“ಇಬ್ರಿಗೂನಾ? ಮುಖ ಹೋಲಲ್ವಲ್ಲ.”

“ಮುಖ ಹೋಲದೇ ಇರೋ ಅಕ್ಕಂದಿರೂ ಇರ್ತಾರೆ ಸಾರ್. ಏನ್ ಹೆಚ್ಚುಕಮ್ಮಿ ಆದ್ರೂ ನನ್ನ ಕರೀರಿ. ಕಲಾಸಿಪಾಳ್ಯದಲ್ಲಿ ಮುನಿಗಂಗಪ್ಪನ ಮಗಳು ಲಕ್ಕಮ್ಮ ಅಂದ್ರೆ ಯಾರು ಬೇಕಾದ್ರೂ ತೋರಿಸ್ತಾರೆ.”

ಅವರು ಒಳಗೆ ಹೋಗಿ ಹೆಂಡತಿಯ ಜೊತೆ ಏನೋ ಮಾತಾಡಿ, ಬೀಗದ ಕೈ ಹಿಡಿದು ಹೊರಬಂದರು. ಅವರಿಗೆ ಎಷ್ಟು ಅರ್ಥವಾಗಿತ್ತೋ, ಎಷ್ಟನ್ನು ಅರ್ಥ ಮಾಡಿಕೊಳ್ಳದೆ ಬಿಟ್ಟರೋ ಹೇಳಲಾರೆ. “ನೀರು ಬೆಳಿಗ್ಗೆ ಆರಕ್ಕೆ ಬರುತ್ತೆ, ಏಳಕ್ಕೆ ನಿಲ್ಲುತ್ತೆ. ತಡ ಮಾಡಿದ್ರೆ ನಾನು ಜವಾಬ್ದಾರ ಅಲ್ಲ,” ಎಂದು ಬೀಗದ ಕೈಯನ್ನು ಸರ್ವಮಂಗಳಾಳ ಕೈಗೆ ಕೊಟ್ಟರು.

ಸಾಮಾನು ಸಾಗಿಸಿದ ದಿನ ನಾನೂ ಹೋಗಿದ್ದೆ. ಲಕ್ಕಮ್ಮ ಬೀರು ಮಹಡಿಗೆ ಹತ್ತಿಸಿ, ಬೆವರು ಒರೆಸಿಕೊಳ್ಳುತ್ತಾ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು, ಇಷ್ಟು ದಿನ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ.

“ಲಕ್ಕಿ, ‘ನಾನಲ್ಲ’ ಅಂತ ಒಂದೇ ಒಂದು ಸಲ ಅಂದಿದ್ರೆ ನಿನ್ನ ಮದುವೆ ನಿಲ್ತಿರಲಿಲ್ಲ. ಟೀಮಿಂದ ತೆಗೀತಿರಲಿಲ್ಲ. ಅನ್ಬೇಕು ಅನ್ನಿಸಲೇ ಇಲ್ವಾ?”

“ಅನ್ನಿಸದೇ ಏನು?” ಎಂದಳು. “ನಾನೇನು ದೇವತೇನಾ? ಅತ್ತೆ ಎದ್ದು ಹೋದ ದಿನ ಮಂಡೀಲಿ ಮೂಟೆ ಹಿಂದೆ ಕೂತ್ಕೊಂಡು ಅತ್ತಿದೀನಿ. ಸರ್ವಮಂಗಳಾ ಮೇಲೆ ಸಿಟ್ಟೂ ಬಂದಿತ್ತು. ಇವಳಿಂದ ನಂಗ್ಯಾಕೆ ಇದು ಅಂತ. ಅವತ್ತು ಯಾರಾದ್ರೂ ಬಂದು ಕೇಳಿದ್ರೆ ಹೇಳಿಬಿಡ್ತಿದ್ನೋ ಏನೋ.”

“ಮತ್ತೆ?”

“ಯಾರೂ ಬರ್ಲಿಲ್ಲ. ಅಷ್ಟೊತ್ತಿಗೆ ಕೋಲಾರದ ಲಾರಿ ಬಂತು, ಇಳಿಸ್ಕೊಳಕ್ಕೆ ಎದ್ದೆ.” ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. “ನಾನಲ್ಲ ಅಂದ್ರೆ, ‘ಮತ್ತೆ ಅವಳಾ’ ಅಂತ ಕೇಳ್ತಿದ್ರು. ಅದೂ ಅಲ್ದೆ, ನಾನಲ್ಲ ನಾನಲ್ಲ ಅಂತ ಕೂಗಕ್ಕೆ ಅದೇನು ಕಳ್ಳತನಾನಾ? ಸರ್ವಮಂಗಳಾ ಮಾಡಿದ್ದೇನು? ಯಾರನ್ನೋ ಇಷ್ಟಪಟ್ಟಳು. ಅದನ್ನ ಬೈಗುಳ ಅಂತ ನಾನ್ಯಾಕೆ ಒಪ್ಕೋಬೇಕು?”

ಒಳಗಿನಿಂದ ಅಂಜಿನಮ್ಮ, “ಅಕ್ಕಾ, ಹಾಲು ಉಕ್ತಾ ಇದೆ, ಬನ್ನಿ,” ಎಂದು ಕರೆದಳು. ನಾವು ಎದ್ದು ಒಳಗೆ ಹೋದೆವು. ಹೊಸ ಸ್ಟೌವಿನ ಮೇಲೆ ಪುಟ್ಟ ಪಾತ್ರೆಯಲ್ಲಿ ಹಾಲು ಉಕ್ಕಿ ಪೂರ್ವದ ಕಡೆ ಚೆಲ್ಲಿತು. ಕೆಳಗಿನ ಮನೆಯ ಪರಮಶಿವಯ್ಯನವರ ಹೆಂಡತಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಮೇಲೆ ಬಂದರು. ನಾಲ್ವರಿಗೂ ಕುಂಕುಮ ಇಟ್ಟು, ಸರ್ವಮಂಗಳಾ ಮತ್ತು ಅಂಜಿನಮ್ಮನ ಕೈಗೆ ಒಂದೊಂದು ತೆಂಗಿನಕಾಯಿ ಕೊಟ್ಟು, “ಸುಖವಾಗಿರ್ರಮ್ಮ,” ಎಂದರು. ಸರ್ವಮಂಗಳಾ ಬಗ್ಗಿ ಅವರ ಕಾಲು ಮುಟ್ಟಿದಳು. ಅಂಜಿನಮ್ಮನೂ ಮುಟ್ಟಿದಳು.

ಲಕ್ಕಮ್ಮ ಬಿಸಿ ಹಾಲನ್ನು ಎರಡೇ ಗುಟುಕಿಗೆ ಕುಡಿದು ಲೋಟ ತೊಳೆದಿಟ್ಟಳು. ಚಿಕ್ಕ ಮಗಳಿಗೆ ನೆಗಡಿ, ಮಾಯಣ್ಣನಿಗೆ ಪ್ರೆಸ್ಸಿನಲ್ಲಿ ಎರಡನೇ ಪಾಳಿ ಎಂದು ಹೇಳಿ, ಚಪ್ಪಲಿ ಮೆಟ್ಟಿ, ಮಾರ್ಕೆಟ್ ಬಸ್ಸು ಹಿಡಿಯಲು ದಡದಡನೆ ಮೆಟ್ಟಿಲಿಳಿದು ಹೋದಳು.